ತಪಾಸಣೆ ಕೋಣೆಯ ಹೊಟ್ಟೆ ಮಾಮ

ಹಳೆಯ ಚಿನ್ನದ ಗಣಿ ಈಗ ಮ್ಯೂಸಿಯಂ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಗೈಡ್ ಆಗಿರುವವನಿಗೆ ಟಿಕೆಟ್ ಕೌಂಟರಿನವರು ಇಟ್ಟ ಹೆಸರು ಹೊಟ್ಟೆ ಮಾಮ. ಆಸಾಮಿ ಕಡ್ಡಿ ಪೈಲ್ವಾನ್. ಹೆಸರು ಬಂದದ್ದು ಬೇರೊಬ್ಬರ ಹೊಟ್ಟೆಯಿಂದ.

ಜನರನ್ನು ತಪಾಸಣೆ ಕೋಣೆಗೆ ಕರೆತಂದು, ಕಲ್ಲಿನ ಮೇಜು ತಟ್ಟಿ ಅವನು ಶುರುಮಾಡುತ್ತಿದ್ದ. ಚಿನ್ನದ ಹುಚ್ಚು ನೆತ್ತಿಗೇರಿದ್ದ ಕಾಲ. ಪಾಳಿ ಮುಗಿಸಿ ಬಂದವರ ಬಟ್ಟೆ ಬಿಚ್ಚಿಸಿ, ಬಾಯಿಗೆ ಕೈಹಾಕಿ ಹುಡುಕುತ್ತಿದ್ದರು. ಒಬ್ಬ ಏನೋ ನುಂಗಿದ್ದು ಕಾವಲುಗಾರರ ಕಣ್ಣಿಗೆ ಬಿತ್ತು. ಹಲ್ಲು ಉದುರುವಂತೆ ಹೊಡೆದರು, ಉಪ್ಪುನೀರು ಕುಡಿಸಿ ಹೊಟ್ಟೆ ತುಳಿದರು. ಜೀವ ಹೋಯಿತೋ ಇಲ್ಲವೋ ನೋಡುವ ವ್ಯವಧಾನವೂ ಇಲ್ಲದೆ ಚೂರಿಯಿಂದ ಸೀಳಿದರು. ಗೈಡ್ ತನ್ನ ಹೊಟ್ಟೆಯ ಮೇಲೆ ಬೆರಳೆಳೆದು ತೋರಿಸಿ, ಚಿನ್ನ ಸಿಗಲಿಲ್ಲ ಎಂದು ಮುಗಿಸುತ್ತಿದ್ದ. ಸತ್ತವನು ತನ್ನ ತಾಯಿಯ ಅಪ್ಪನೆಂದು ಯಾರಿಗೂ ಹೇಳಿರಲಿಲ್ಲ.

ಹೊಸ ಮ್ಯಾನೇಜರ್ ಬಂದ. ಏನೂ ಸಿಗಲಿಲ್ಲವೆಂದರೆ ಜನರ ಮುಖ ಸಪ್ಪಗಾಗುತ್ತದಂತೆ. ಚಿನ್ನದ ಬಣ್ಣ ಬಳಿದ ಸೀಸದ ಗಟ್ಟಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕಳ್ಳನ ಹೊಟ್ಟೆಯಲ್ಲಿ ಸಿಕ್ಕಿದ್ದು ಇದೇ ಎನ್ನು, ಇಲ್ಲವಾದರೆ ಮನೆಗೆ ನಡಿ ಎಂದ. ಮಗಳ ಕಾಲೇಜು ಇನ್ನೂ ಎರಡು ವರ್ಷವಿತ್ತು. ಹೊಟ್ಟೆ ಮಾಮ ಹೂಂಗುಟ್ಟಿ, ಮನೆಯಲ್ಲಿ ತಾಯಿಗೆ ಹೇಳಿದ. ಆ ಗೇಟಿನತ್ತ ತಲೆ ಹಾಕಿಯೂ ಮಲಗದ ಎಂಬತ್ತರ ಮುದುಕಿ ಮರುದಿನ ಟಿಕೆಟ್ ಕೊಂಡು ಗುಂಪಿನ ಹಿಂದೆ ನಿಂತಿದ್ದಳು.

ಅವಳನ್ನು ಕಂಡರೂ ಅವನು ಎಂದಿನಂತೆ ಮೇಜು ತಟ್ಟಿ ಕಥೆ ಶುರುಮಾಡಿದ. ಬಾಗಿಲಲ್ಲಿ ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ಹೊಡೆತ, ತುಳಿತ, ಚೂರಿ ಎಲ್ಲ ಆಯಿತು. ಕೊನೆಗೆ ಬೆರಳು ಗಾಜಿನ ಪೆಟ್ಟಿಗೆಯತ್ತ ಹೋಯಿತು, ಥೂ.

ಮುದುಕಿ ಜನರನ್ನು ಸರಿಸಿಕೊಂಡು ಮೇಜಿನ ಬಳಿ ಬಂದಳು.

"ಸಾಲಲ್ಲಿ ನಿಂತಿದ್ದ ಅಪ್ಪಂಗೆ ಆ ಕಿಟಕಿಯಿಂದ ರೊಟ್ಟಿ ಚೂರು ಕೊಟ್ಟಿದ್ದು ನಾನು. ಆರು ವರ್ಷ ನಂಗೆ. ಹಸಿದಿದ್ದ, ಹಾಗೇ ನುಂಗ್ಬಿಟ್ಟ. ಅಷ್ಟು ಹೊಡೆದ್ರೂ ರೊಟ್ಟಿ ಅಂತ ಹೇಳ್ಲಿಲ್ಲ. ಹೇಳಿದ್ರೆ ಯಾರು ಕೊಟ್ರು ಅಂತ ಕೇಳ್ತಿದ್ರಲ್ಲ."

ಈ ಮಾತು ಮಗನಿಗೂ ಹೊಸದು. ಮ್ಯಾನೇಜರ್ ನುಗ್ಗಿ ಬಂದು ಅವಳ ರಟ್ಟೆ ಹಿಡಿದೆಳೆದ. ಇಪ್ಪತ್ತೆರಡು ವರ್ಷ ಬರೀ ಕಥೆ ಹೇಳಿದವನ ಕೈ ಈಗ ಎದ್ದಿತು. ಮ್ಯಾನೇಜರನ ತಲೆ ಪೆಟ್ಟಿಗೆಗೆ ಬಡಿದು ಗಾಜು ಪುಡಿಯಾಯಿತು; ಸೀಸದ ಗಟ್ಟಿ ರಕ್ತದಲ್ಲಿ ಉರುಳಿತು.

ಗೇಟಿನ ಕಾವಲುಗಾರರು ಓಡಿಬಂದು, ಹೊಡೆದವರು ಯಾರೆಂದು ಗದರಿದರು. ಮಗ ಬಾಯಿ ತೆರೆಯುವ ಮೊದಲೇ ಮುದುಕಿ ಅವನನ್ನು ಹಿಂದಕ್ಕೆ ದಬ್ಬಿ, ಎರಡೂ ಕೈ ಮುಂದೆ ಚಾಚಿದಳು.

"ನಾನು," ಎಂದಳು.

ನೋಡಿದವರು ಇಪ್ಪತ್ತು ಜನ. ಒಬ್ಬರೂ ಅಲ್ಲವೆನ್ನಲಿಲ್ಲ.