ಅಪ್ಪ ಬರೆದ ಪ್ರಬಂಧಗಳು

ನನ್ನ ಅಪ್ಪ ಎಸ್ಸೆಸ್ಸೆಲ್ಸಿ ಪಾಸಾಗಲಿಲ್ಲ. ತಿಲಕ್ ನಗರದಲ್ಲಿ ಹಿಟ್ಟಿನ ಗಿರಣಿ ನಡೆಸಿ ನನ್ನನ್ನು ಓದಿಸಿದರು. ಕೆರೆಯ ಪಾಚಿಯ ವಿಚಾರದಲ್ಲಿ ಜರ್ಮನಿಯವರೂ ಜಪಾನಿನವರೂ ಅವರನ್ನು ಉಲ್ಲೇಖಿಸುತ್ತಾರೆ ಅಂದರೆ ಯಾರೂ ನಂಬುವುದಿಲ್ಲ. ಆದರೆ ಅದು ನಿಜ.

ಆದದ್ದು ಇಷ್ಟೆ. ನಮ್ಮಲ್ಲಿ ಮನೆತನದ ಹೆಸರು ಅಂತ ಒಂದಿಲ್ಲ. ಇನಿಷಿಯಲ್ ಇರುತ್ತದೆ, ಅದು ಅಪ್ಪನದು. ಗೊಟ್ಟಿಗೆರೆ ಕೆರೆಯ ಪಾಚಿಯ ಮೇಲೆ ನಾನು ಬರೆದ ಮೊದಲ ಪ್ರಬಂಧವನ್ನು ವಿದೇಶದ ಪತ್ರಿಕೆಯೊಂದಕ್ಕೆ ಕಳಿಸಲು ಹೋದಾಗ ಅವರ ವೆಬ್‌ಸೈಟು ಸರ್‌ನೇಮ್ ಕೇಳಿತು. ಒಂದಕ್ಷರ ಕೊಟ್ಟರೆ ಸಾಲದು ಅಂತ ಕೆಂಪಕ್ಷರದಲ್ಲಿ ಗದರಿತು. ಅಪ್ಪನ ಹೆಸರನ್ನು ಪೂರ್ತಿ ಬರೆದೆ. ಅವರು ನನ್ನ ಹೆಸರನ್ನು ಮೊಟಕು ಮಾಡಿ ಅಚ್ಚು ಹಾಕಿದರು. ಅಂದಿನಿಂದ ಆ ಲೋಕಕ್ಕೆ ನಾನು ಬರೀ ಒಂದಕ್ಷರ, ಅಪ್ಪ ಪೂರ್ತಿ ಮನುಷ್ಯ. ಈ ಪಾಚಿ ಕೊಳಚೆ ನೀರಿಗೂ ಜಗ್ಗುವುದಿಲ್ಲ ಅಂತ ಹೇಳಿದವರು ಇಂಥವರು ಎಂದು ಯಾರಾದರೂ ಬರೆದರೆ, ಆ ಇಂಥವರು ನಮ್ಮಪ್ಪ. ಅಂಥ ಸಾಲನ್ನು ತೋರಿಸಿದಾಗಲೆಲ್ಲ ಅಪ್ಪ ಕನ್ನಡಕ ಏರಿಸಿ ತಮ್ಮ ಹೆಸರನ್ನು ಓದಿ, ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಮದುವೆಯಾದ ಮೇಲೆ ಪಾಸ್‌ಪೋರ್ಟಿಗೆ ಅಪ್ಪನ ಹೆಸರಿನ ಬದಲು ಗಂಡನ ಹೆಸರು ಬಂತು. ಅಲ್ಲಿಂದ ಆಧಾರಿಗೆ, ಆಧಾರಿನಿಂದ ಕಾಲೇಜಿನ ದಾಖಲೆಗೆ, ಕೊನೆಗೆ ಹೊಸ ಪ್ರಬಂಧಗಳಿಗೂ ಹರಿದು ಬಂತು. ಬಹಳ ವರ್ಷ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ.

ನಾನು ಪಾಠ ಮಾಡುವುದು ಜಯನಗರದ ಒಂದು ಕಾಲೇಜಿನಲ್ಲಿ. ಈಚೆಗೆ ಅಲ್ಲಿ ಉನ್ನತ ಶಿಕ್ಷಣದ ಭವಿಷ್ಯದ ಬಗ್ಗೆ ಕಾರ್ಯಾಗಾರ ನಡೆಯಿತು. ಕೇಸರಿಬಾತು ಚೆನ್ನಾಗಿತ್ತು. ಇನ್ನು ಮುಂದೆ ನಮ್ಮ ಸಂಶೋಧನೆಯನ್ನು ಮನುಷ್ಯರು ಅಳೆಯುವುದಿಲ್ಲ, ಸಾಫ್ಟ್‌ವೇರ್ ಅಳೆಯುತ್ತದೆ ಎಂದು ಬಂದವರು ಹೇಳಿದರು. ಭವಿಷ್ಯ ಮುಂದಿನ ಸೋಮವಾರವೇ ಶುರುವಾಯಿತು. ಪ್ರೊಫೆಸರ್ ಹುದ್ದೆಗೆ ನಾನು ಹಾಕಿದ್ದ ಅರ್ಜಿಯನ್ನು ಓದಿದ ಸಾಫ್ಟ್‌ವೇರು, ಹಳೆಯ ಹೆಸರಿನಲ್ಲಿದ್ದ ನನ್ನ ಒಳ್ಳೆಯ ಪ್ರಬಂಧಗಳೆಲ್ಲ ಬೇರೊಬ್ಬರವು, ಮಿಕ್ಕವನ್ನು ನಾನು ಆ ಬೇರೊಬ್ಬರಿಂದ ಕದ್ದಿದ್ದೇನೆ ಎಂದು ತೀರ್ಮಾನಿಸಿತು. ನನಗೆ ನಿವೃತ್ತಿ ಹತ್ತಿರವಿದೆ. ಪ್ರೊಫೆಸರ್ ಆಗಲು ಉಳಿದಿದ್ದದ್ದು ಇದೊಂದೇ ಅವಕಾಶ.

ಪ್ರಿನ್ಸಿಪಾಲರ ಬಳಿ ಹೋದೆ. "ಅದು ನೀವೇ ಅಂತ ನಮ್ಗೆಲ್ಲಾ ಗೊತ್ತು ಮೇಡಂ," ಅಂದರು. "ಸಿಸ್ಟಮ್‌ಗೆ ಗೊತ್ತಾಗ್ಬೇಕಲ್ಲ."

"ಮ್ಯಾರೇಜ್ ಸರ್ಟಿಫಿಕೇಟ್ ಹಾಕಿದ್ದೀನಲ್ಲ ಸಾರ್."

"ಅದ್ರಲ್ಲಿ ಎರಡೂ ಹೆಸ್ರಿದೆ. ಹಂಗಾಗಿ ಇಬ್ರು ಅನ್ನೋದು ಕನ್ಫರ್ಮ್ ಆಯ್ತು ಅಂತಿದೆ. ಈಗ ಒಂದೇ ದಾರಿ. ಆ ಹಳೇ ಆಥರ್ ಕಮಿಟಿ ಮುಂದೆ ವಿಡಿಯೋ ಕಾಲ್‌ನಲ್ಲಿ ಬಂದು, ಪೇಪರ್‌ಗಳನ್ನ ನಿಮ್ಗೆ ಬಿಟ್ಕೊಡೋಕೆ ಅಭ್ಯಂತರ ಇಲ್ಲ ಅನ್ಬೇಕು."

"ಆ ಆಥರ್ ನಾನೇ ಸಾರ್."

"ನೀವು ಕ್ಯಾಂಡಿಡೇಟು. ಆ ಹೆಸ್ರಿನ ಮನುಷ್ಯನೇ ಬರ್ಬೇಕು."

ಆ ಹೆಸರಿನ ಮನುಷ್ಯ ಜೆ.ಪಿ. ನಗರದ ನಮ್ಮ ಮನೆಯ ಸೋಫಾದಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ಎಲ್ಲ ವಿವರಿಸಿದೆ. "ಅಭ್ಯಂತರ ಇಲ್ಲ ಅನ್ನಿ, ಸಾಕು. ಬೇರೇನೂ ಮಾತಾಡ್ಬೇಡಿ ಅಪ್ಪ," ಅಂದೆ. "ಅಷ್ಟೂ ಗೊತ್ತಾಗಲ್ವಾ ನಂಗೆ," ಅಂದರು.

ವಿಡಿಯೋ ಕಾಲಿನ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡರು. ಒಬ್ಬರ ಮೇಲೆ ಇನ್ನೊಬ್ಬರು ಒತ್ತಡ ಹೇರಬಾರದೆಂದು ಇಬ್ಬರು ಲೇಖಕರೂ ಬೇರೆ ಬೇರೆ ಕೋಣೆಯಲ್ಲಿರಬೇಕು ಎಂಬ ನಿಯಮವಿತ್ತು. ಅಪ್ಪ ಹಾಲ್‌ನಲ್ಲಿ ನನ್ನ ಗಂಡನ ಫೋನು ಹಿಡಿದು ಕೂತರು. ನಾನು ಬೆಡ್‌ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಅಪ್ಪನ ಪ್ರತಿ ಮಾತೂ ಮೊದಲು ಬಾಗಿಲಿನಾಚೆಯಿಂದ ಬರುತ್ತಿತ್ತು, ಆಮೇಲೆ ಲ್ಯಾಪ್‌ಟಾಪಿನಿಂದ.

"ಪಾಚಿ ಬಗ್ಗೆ ಇರೋ ಈ ಪೇಪರ್‌ಗಳು ನಿಮ್ದೇನಾ ಸಾರ್?" ಎಂದು ಕಮಿಟಿಯ ಅಧ್ಯಕ್ಷರು ಅಪ್ಪನನ್ನು ಕೇಳಿದರು.

"ಹೌದು ಸಾರ್."

"ಇವನ್ನ ಮೇಡಂಗೆ ಬಿಟ್ಕೊಡೋಕೆ ನಿಮ್ದೇನೂ ಅಭ್ಯಂತರ ಇಲ್ವಲ್ಲ?"

ಅಪ್ಪ ಕನ್ನಡಕ ಏರಿಸಿದರು. "ಅಂದ್ರೆ ನನ್ನ ಹೆಸ್ರು ತೆಗೀತೀರಾ?"

"ಹೌದು. ಅವ್ರ ಈಗಿನ ಹೆಸ್ರಿಗೆ ಮಾಡ್ತೀವಿ."

"ಹಂಗಾದ್ರೆ ಅಭ್ಯಂತರ ಇದೆ ಸಾರ್."

ನನಗೆ ಸಿಟ್ಟು ನೆತ್ತಿಗೇರಿತು. ಹೇಳಿಕೊಟ್ಟದ್ದು ಎರಡೇ ಪದ, ಅದನ್ನೂ ಹಾಳು ಮಾಡಿದರಲ್ಲ ಅನಿಸಿತು. ಅಪ್ಪ ನಿಲ್ಲಿಸಲಿಲ್ಲ.

"ಪಾಸ್‌ಪೋರ್ಟಲ್ಲಿ ತೆಗೆದ್ರು, ಆಧಾರಲ್ಲಿ ತೆಗೆದ್ರು. ಮದ್ವೆ ಆದ್ಮೇಲೆ ಹಂಗೇ ತಾನೇ ಅಂತ ನಾನೂ ಏನೂ ಕೇಳ್ಲಿಲ್ಲ. ಅವಳ ಹೆಸ್ರೂ ನನ್ನ ಹೆಸ್ರೂ ಒಟ್ಗೆ ಉಳ್ದಿರೋದು ಆ ಪಾಚೀಲಿ ಮಾತ್ರ. ಬಿಟ್ಕೊಡಲ್ಲ ಸಾರ್."

ಬಾಗಿಲಿನಾಚೆಯಿಂದ ಕೇಳಿದಾಗ ಸಿಟ್ಟೇ ಇತ್ತು. ಅದೇ ಮಾತು ಲ್ಯಾಪ್‌ಟಾಪಿನಿಂದ ಮತ್ತೆ ಬಂದಾಗ ಅಳು ಬಂತು.

"ಮೇಡಂ, ನೀವೇನಂತೀರಾ?" ಅಂದರು ಅಧ್ಯಕ್ಷರು. "ಅವರದೇ ಅಂತ ಒಪ್ಕೊಂಡ್ರೆ ಅಪ್ಲಿಕೇಶನ್ ಇಲ್ಲಿಗೇ ಕ್ಲೋಸ್."

ನನ್ನ ಗಂಡ ಬಾಗಿಲ ಸಂದಿಯಲ್ಲಿ ಮುಖ ತೂರಿಸಿ, "ವಯಸ್ಸಾಗಿದೆ, ಏನೇನೋ ಮಾತಾಡ್ತಾರೆ ಅಂದ್ಬಿಡು," ಎಂದು ಪಿಸುಗುಟ್ಟಿದರು. ಹಾಗೆಂದಿದ್ದರೆ ಕಮಿಟಿ ಒಪ್ಪುತ್ತಿತ್ತು, ಅನುಮಾನವಿಲ್ಲ. ಹೆಸರು ಉಳಿಸಿ ಅಂತ ಕೇಳಿದ ಮನುಷ್ಯನಿಗೆ ತಲೆ ಕೆಟ್ಟಿದೆ ಅಂತ ನಾನು ಹೇಗೆ ಹೇಳಲಿ?

"ಅವ್ರು ಹೇಳಿದ್ದು ಸರಿ ಸಾರ್," ಅಂದೆ. "ಅವ್ರದೇ."

ಪರದೆ ಕಪ್ಪಾಯಿತು. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಡ್‌ರೂಮಿಗೆ ಬಂದರು.

"ಆಯ್ತೇನಮ್ಮಾ? ಪ್ರೊಫೆಸರ್ ಆದ್ಯಾ?"

"ನಾನಾಗ್ಲಿಲ್ಲಪ್ಪ. ನೀವಾದ್ರಿ."

ಅಪ್ಪ ಫೋನನ್ನು ಮಂಚದ ಮೇಲಿಟ್ಟರು. "ಯಾರಾದ್ರೇನು ಬಿಡು," ಅಂದರು. "ಮನೇಲೇ ಉಳೀತಲ್ಲ."