ಕೊಳೆತದ್ದನ್ನು ಕೊಳೆತದ್ದೆಂದ ವೆಂಕಟಸುಬ್ಬಯ್ಯನವರು

ಪೀಣ್ಯದ ನನ್ನ ವರ್ಕ್‌ಶಾಪ್ ಇವತ್ತು ನಡೆಯುತ್ತಿದ್ದರೆ ಅದಕ್ಕೆ ಕಾರಣ ವೆಂಕಟಸುಬ್ಬಯ್ಯನವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರ ಮೇಲೆ ನಾನು ಕೂಗಾಡಿದ್ದನ್ನೂ ಹೇಳಬೇಕಾಗಿದೆ.

ಅವರು ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ರಿಟೈರ್ ಆದವರು. ಪ್ರಾಯದಲ್ಲಿ ಕಾರ್ಖಾನೆ ಅವರನ್ನು ಟ್ರೈನಿಂಗ್‌ಗೆಂದು ಒಂದು ವರ್ಷ ಇಟಲಿಗೆ ಕಳಿಸಿತ್ತು. ಜೊತೆಗೆ ಹೋದವರು ಕೋಟು ತಂದರು, ವಾಚು ತಂದರು; ಇವರು ಭಾಷೆ ತಂದರು. ಅದು ಮರೆತುಹೋಗಬಾರದೆಂದು ಸಂಜೆ ವಾಕಿಂಗ್‌ನಲ್ಲಿ ತಮ್ಮಷ್ಟಕ್ಕೆ ತಾವೇ ಇಟಾಲಿಯನ್ ಮಾತಾಡಿಕೊಳ್ಳುತ್ತಿದ್ದರು. ಬೀದಿಯವರು ಅದನ್ನು ಯಾವುದೋ ಮಂತ್ರ ಅಂದುಕೊಂಡಿದ್ದರು.

೨೦೦೬ರಲ್ಲಿ ನಾನು ಇದ್ದಬದ್ದದ್ದೆಲ್ಲ ಸುರಿದು ಇಟಲಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಗ್ರೈಂಡಿಂಗ್ ಮಷೀನ್ ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ತಳದ ಹಲಗೆ ಬೆರಳಿಟ್ಟಲ್ಲೆಲ್ಲ ಪುಡಿಯಾಗುತ್ತಿತ್ತು. ಹಲಗೆಯ ಸಂದಿಯಿಂದ ನೀರು ಹೋಗಿ, ಮಷೀನಿನ ಮೇಜು ಜಾರುವ ಸ್ಲೈಡ್‌ಗಳಿಗೆ ತುಕ್ಕು ಹಿಡಿದಿತ್ತು. ಪರೀಕ್ಷಿಸಲು ಬಂದ ಸರ್ವೇಯರ್ ಇಂಗ್ಲಿಷಿನಲ್ಲಿ ವರದಿ ಕೊಟ್ಟ: ಹಡಗು ಹತ್ತಿಸುವ ಮೊದಲೇ ಆ ಮರಕ್ಕೆ ‘ಡಿಕೇ’ ಆಗಿತ್ತು. ಹಾಗಿದ್ದರೆ ಹೊಸ ಸ್ಲೈಡ್ ಕಳಿಸುವುದು ಮಾರಿದವನ ಹೊಣೆ. ಆದರೆ ಅವನಿಗೆ ಇಟಾಲಿಯನ್ ಬಿಟ್ಟು ಬೇರೆ ಭಾಷೆ ಬಾರದು. ಸ್ಲೈಡ್ ಬರದಿದ್ದರೆ ನಾನು ಶಟರ್ ಎಳೆದು ಮನೆಗೆ ಹೋಗಬೇಕಿತ್ತು.

ಶುಕ್ರವಾರ ವೆಂಕಟಸುಬ್ಬಯ್ಯನವರನ್ನು ಕರೆಸಿದೆ. ಅವತ್ತು ಬೆಳಿಗ್ಗೆಯೇ ನನ್ನ ಅಮ್ಮ ಪಿಳ್ಳಮ್ಮ, ಕೆಟ್ಟ ಮಷೀನಿಗೆ ಒಳ್ಳೆಯದಾಗಲಿ ಎಂದು ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ಹೋಗಿದ್ದಳು. ವೆಂಕಟಸುಬ್ಬಯ್ಯನವರು ಆ ಮಷೀನಿನ ಎದುರಿಗೇ ಸ್ಟೂಲ್ ಹಾಕಿಕೊಂಡು ವರದಿಯನ್ನು ಇಟಾಲಿಯನ್ನಿಗೆ ಬರೆದುಕೊಟ್ಟರು. ನಾನು ಫ್ಯಾಕ್ಸ್ ಮಾಡಿದೆ.

ನಾಲ್ಕನೇ ದಿನ ಉತ್ತರ ಬಂತು. ಓದುತ್ತಾ ಓದುತ್ತಾ ಅವರ ಮುಖ ಸಪ್ಪಗಾಯಿತು.

“ಮರ ಹಳೇದು ಅಂತ ಯಾಕೆ ದೂರ್ತೀರಿ, ಹಳೇ ಮರಾನೇ ಗಟ್ಟಿ ಅಂತ ಬರ್ದಿದ್ದಾನೆ ಕಣಪ್ಪಾ ನರೇಶ್.”

“ಹಳೇದು ಅಂತ ಯಾರ್ ಸಾರ್ ಏಳಿದ್ದು?”

“ನಾನೇ ಕಣಪ್ಪಾ.”

ಆಮೇಲೆ ವಿವರಿಸಿದರು. ವರದಿಯ ‘ಡಿಕೇ’ ಎಂಬ ಮಾತಿಗೆ ಕೊಳೆತದ್ದು ಎಂದೇ ಅರ್ಥ, ಇಟಾಲಿಯನ್‌ನಲ್ಲಿ ‘ಮಾರ್ಚೊ’ ಎಂದು ಬರೆಯಬೇಕು, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ನಮ್ಮನೇಲಿ ಬಳೆ ಒಡೀತು ಅನ್ನಲ್ಲ, ಹೆಚ್ಚಿತು ಅಂತೀವಿ. ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತೀವಿ. ನಿಮ್ಮ ತಾಯಿ ಇಟ್ಟ ಕುಂಕುಮದ ಮುಂದೆ ಕೂತು ಕೊಳೆತಿದೆ ಅಂತ ಬರೆಯೋಕೆ ಕೈ ಬರ್ಲಿಲ್ಲ. ಮರಕ್ಕೆ ವಯಸ್ಸಾಗಿದೆ ಅಂತ ಬರೆದ್ಬಿಟ್ಟೆ.”

ನನಗೆ ಮೈಯೆಲ್ಲ ಉರಿಯಿತು. “ನಿಮ್ ಮಡಿ ಮಾತಿಗೆ ನಾನ್ ಶಾಪ್ ಮುಚ್ಕೋಬೇಕಾ ಸಾರ್?” ಎಂದು ಕೆಲಸಗಾರರ ಎದುರಿಗೇ ಕೂಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಕಾಗದ ಓದಬಲ್ಲವರು ನಮ್ಮಲ್ಲಿ ಅವರೊಬ್ಬರೇ. ಇಟಲಿಯವನು ಮೊಂಡ ಎಂದು ಹೇಳಿ ಎದ್ದು ಹೋಗಿದ್ದರೆ ನಾನು ನಂಬಿ, ಕಾಫಿ ಕುಡಿಸಿ ಕಳಿಸುತ್ತಿದ್ದೆ.

ನನ್ನ ಬೈಗುಳ ಮುಗಿದ ಮೇಲೆ ಅವರು ಒಂದು ಬಿಳಿ ಹಾಳೆ ಕೇಳಿದರು. ಹಲಗೆಯ ಚೂರೊಂದನ್ನು ಮುರಿದು, ಮೂಸಿ ನೋಡಿ, ‘ಮಾರ್ಚೊ’ ಎಂದು ಬರೆದರು. ಮೊದಲ ಕಾಗದದಲ್ಲಿದ್ದ ತಪ್ಪು ಸರ್ವೇಯರನದಲ್ಲ, ಅನುವಾದ ಮಾಡಿದ ತಮ್ಮದು ಎಂದು ಕೆಳಗೆ ಸೇರಿಸಿ, ವಿಳಾಸ ಸಮೇತ ರುಜು ಹಾಕಿದರು.

ವಾರ ಕಳೆದು ಉತ್ತರ ಬಂತು. “ಹೊಸ ಸ್ಲೈಡ್ ಕಳಿಸ್ತಾನಂತೆ ಕಣಪ್ಪಾ” ಎಂದರು. ನಾನು ಕಾಲಿಗೆ ಬೀಳಲು ಹೋದರೆ ತಡೆದರು. ಕೊನೆಯ ಎರಡು ಸಾಲು ಓದದೆ ಹಾಳೆ ಮಡಚಿದರು.

“ಅದೇನ್ ಸಾರ್ ಕೊನೇಲಿ?”

“ಏನಿಲ್ಲ, ನಮಸ್ಕಾರ ಗಿಮಸ್ಕಾರ.”

ನಾನು ಬಿಡುವ ಆಸಾಮಿಯಲ್ಲ. ತಾತನಿಂದಲೇ ಇಟಾಲಿಯನ್ ಕಲಿಯುತ್ತಿದ್ದ ಅವರ ಮೊಮ್ಮಗಳು ಸುಕೃತಿಗೆ ಆ ಸಾಲುಗಳನ್ನು ತೋರಿಸಿದೆ. ಅವಳು ಡಿಕ್ಷನರಿ ಹಿಡಿದು ನಿಧಾನವಾಗಿ ಓದಿ ಹೇಳಿದಳು:

“ಹಲಗೆ ಕೊಳೆತಿದ್ದು ನನಗೆ ಮೊದಲೇ ಗೊತ್ತಿತ್ತು. ತನ್ನ ತಪ್ಪನ್ನು ತಾನೇ ಬರೆದು ಕಳಿಸಿದ ಮನುಷ್ಯನಿಗೆ ಮತ್ತೆ ಸುಳ್ಳು ಬರೆಯಲು ನನ್ನಿಂದ ಆಗಲಿಲ್ಲ.”