ಬೀಗರು ಹಾಕಿದ ಬೀಗ

ಆ ಬೀದಿಯಲ್ಲಿ ಅವರು ಎಲ್ಲರಿಗೂ ಬೀಗರು. ಅಲ್ಲಿ ಯಾರ ಮನೆಗೂ ಹೆಣ್ಣು ಕೊಟ್ಟವರಲ್ಲ, ಯಾರ ಮನೆಯಿಂದಲೂ ತಂದವರಲ್ಲ. ಮೂವತ್ತೆಂಟು ವರ್ಷದಿಂದ ಬೀಗ ರಿಪೇರಿ ಮಾಡುತ್ತ ಕೂತಿದ್ದಾರೆ, ಅಷ್ಟೇ ನಂಟು. ಯಾರಾದರೂ ಏದುಸಿರು ಬಿಡುತ್ತ ಬಂದು, "ಬೀಗರೇ, ಕೀಲಿ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡ್ಬಿಟ್ಟೆ!" ಎಂದರೆ ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳುವುದು ಒಂದೇ ಪ್ರಶ್ನೆ: "ತಲೆಯಾದ್ರೂ ಹೊರಗೆ ತಂದಿದ್ದೀರಾ, ಇಲ್ಲ ಅದೂ ಒಳಗೇ ಇದೆಯಾ?" ಬಾಗಿಲು ಎರಡು ನಿಮಿಷದಲ್ಲಿ ತೆರೆದುಕೊಳ್ಳುತ್ತದೆ. ಮಾತು ಎರಡು ವರ್ಷ ಚುಚ್ಚುತ್ತದೆ.

ಇಂಥವರಿಗೆ ಸ್ವಂತ ಮನೆಯಲ್ಲಿ ಒಂದು ಬೆಕ್ಕಿನಿಂದ ಉಲ್ಲನ್ ಕಾಯಲಾಗಲಿಲ್ಲ.

ಬೆಕ್ಕಿನ ಹೆಸರು ಸ್ಪ್ರಿಂಗು. ಮರಿಯಾಗಿದ್ದಾಗ ಅಂಗಡಿಯ ಸಾಮಾನಿನ ಡಬ್ಬಿಯಿಂದ ಚಂಗನೆ ನೆಗೆದದ್ದಕ್ಕೆ ಬಂದ ಹೆಸರು. ಬಿಳಿ ಮೈ, ಹೋದಲ್ಲೆಲ್ಲ ಕೂದಲು. ಬೀಗರ ತೊಡೆ ಬಿಟ್ಟರೆ ಅದಕ್ಕೆ ಇಷ್ಟವಾದದ್ದು ಅವರ ಹೆಂಡತಿಯ ಉಲ್ಲನ್ ಉಂಡೆ. ಬೀರುವಿನ ಹಿಡಿಗೆ ಜೋತುಬಿದ್ದು ಬಾಗಿಲು ತೆಗೆಯುತ್ತಿತ್ತು, ಡ್ರಾಯರನ್ನು ಉಗುರು ಹಾಕಿ ಎಳೆಯುತ್ತಿತ್ತು, ಜಿಪ್ಪಿನ ಚೀಲವನ್ನು ಹಲ್ಲಿನಿಂದ ಬಿಚ್ಚುತ್ತಿತ್ತು.

"ಯಾರ ಹತ್ರ ಕಲಿತಿದೆ ಅಂತ ಕೇಳಬೇಕಾಗಿಲ್ಲ," ಎನ್ನುತ್ತಿದ್ದರು ಹೆಂಡತಿ.

ಮಗಳಿಗೆ ಗಂಡನ ಮನೆಯಲ್ಲೇ ಚೊಚ್ಚಲ ಹೆರಿಗೆಯಾಗಿತ್ತು. ಕೂಸಿಗೆಂದು ಅಜ್ಜಿ ಎಳೆಹಸಿರು ಬಣ್ಣದ ಹೊದಿಕೆ ಹೆಣೆಯುತ್ತಿದ್ದರು. ಮಗಳ ಅತ್ತೆ, ಅಂದರೆ ನಿಜವಾದ ಬೀಗಿತ್ತಿ, ಭಾನುವಾರ ಬಂದು ಅದನ್ನು ಒಯ್ಯುವವರಿದ್ದರು. ಅಂಚು ಮಾತ್ರ ಬಾಕಿ ಇದ್ದಾಗ, ಬುಧವಾರ, ಸ್ಪ್ರಿಂಗು ಕೊನೆಯ ಉಂಡೆಯನ್ನು ಊಟದ ಮೇಜಿಗೂ ನಾಲ್ಕು ಕುರ್ಚಿಗೂ ಸುತ್ತಿಹಾಕಿತು. ಸಿಕ್ಕು ಬಿಡಿಸಿ, ಕೂದಲು ಆರಿಸಿ, ಒಗೆದು ಒಣಗಿಸುವಷ್ಟರಲ್ಲಿ ಉಳಿದದ್ದು ಮೂರು ಸಣ್ಣ ಉಂಡೆ. ಅಂಗಡಿಯಲ್ಲಿ ಆ ಬಣ್ಣ ಮುಗಿದುಹೋಗಿತ್ತು.

"ಇನ್ನೊಂದು ಎಳೆ ಹಾಳಾಗ್ಲಿ," ಎಂದರು ಹೆಂಡತಿ, "ನಿಮ್ಮ ಸ್ಪ್ರಿಂಗು ನಮ್ಮಕ್ಕನ ಮನೆಗೆ ಹೋಗುತ್ತೆ. ಅಲ್ಲಿ ಎರಡು ನಾಯಿ ಇವೆ."

ಬೀಗರ ಜೀವ ಬಾಯಿಗೆ ಬಂತು. ಮಾರನೆಯ ದಿನದಿಂದ ಅವರ ಕಾಲುಚೀಲಗಳೂ ಒಂದೊಂದಾಗಿ ಮಾಯವಾಗತೊಡಗಿದವು. ಶುಕ್ರವಾರದ ಹೊತ್ತಿಗೆ ಮೂರು ಹೋಗಿದ್ದವು. ಅದೂ ಸ್ಪ್ರಿಂಗಿನ ಕೆಲಸವೇ ಎಂದುಕೊಂಡು, ಬೆಕ್ಕಿನ ತಪ್ಪಿನ ಪಟ್ಟಿ ಬೆಳೆಯದಿರಲೆಂದು, ಬರಿಗಾಲಿಗೇ ಶೂ ಹಾಕಿಕೊಂಡು ತೆಪ್ಪಗಿದ್ದರು.

ಶನಿವಾರ ಅವರು ಅಂಗಡಿ ತೆರೆಯಲಿಲ್ಲ. ಹಳೆಯ ಮರದ ಪೆಟ್ಟಿಗೆಯೊಂದನ್ನು ಉಜ್ಜಿ, ಉಲ್ಲನ್ನಿಗೆ ಮುಗ್ಗಲು ವಾಸನೆ ಬರದಂತೆ ಹಿಂಬದಿಗೆ ಸಾಲಾಗಿ ತೂತು ಕೊರೆದು, ಮುಚ್ಚಳ ಒತ್ತಿದರೆ ತಾನೇ ಬೀಳುವ ಏಳು ಲಿವರಿನ ಬೀಗ ಕೂರಿಸಿದರು.

"ಇದನ್ನ ಬೆಕ್ಕಲ್ಲ, ನಮ್ಮ ಕಸುಬಿನವರೂ ತೆಗೆಯೋಕಾಗಲ್ಲ," ಎಂದು ಬೀಗರು ಬೀಗಿದರು.

ಭಾನುವಾರ ಬೆಳಿಗ್ಗೆ ಹೆಂಡತಿ ಹೊದಿಕೆಯನ್ನು ಎತ್ತರದ ಮೊಳೆಗೆ ತೂಗುಹಾಕಿ, ಉಲ್ಲನ್ ಇದ್ದ ಬಟ್ಟೆಗಂಟು ಕೈಗೆ ಕೊಟ್ಟರು. "ಸ್ನಾನ ಮಾಡಿ ಬರ್ತೀನಿ. ಗಂಟು ಬಿಚ್ಚಬೇಡಿ."

ಬೀಗರು ಗಂಟನ್ನು ಒಳಗಿಟ್ಟರು. ಬೀಗದ ಸ್ಕ್ರೂ ಬಿಗಿ ಮಾಡಲೆಂದು ಕೈಯಲ್ಲಿದ್ದ ಎರಡೂ ಕೀಲಿಗಳನ್ನು ಗಂಟಿನ ಮೇಲಿಟ್ಟರು. ಎಣ್ಣೆಡಬ್ಬಿ ತರಲು ಎದ್ದುಹೋದರು. ಬಂದು, ಬೀಗಕ್ಕೆ ಎರಡು ಹನಿ ಬಿಟ್ಟು, ಒಳಗೆ ನೋಡದೆಯೇ ಮುಚ್ಚಳ ಒತ್ತಿದರು. ಟಕ್. ಆ ಸದ್ದಿಗೆ ಅವರ ಮುಖ ಅರಳಿತು. ಜೇಬು ಮುಟ್ಟಿ ನೋಡಿಕೊಂಡರು. ಮುಖ ಮುದುಡಿತು.

ಹೆಂಡತಿ ತಲೆ ಒರೆಸುತ್ತ ಬಂದಾಗ ಗಂಡ ಪೆಟ್ಟಿಗೆಯ ಮುಂದೆ ಬೋರಲು ಮಲಗಿ, ಬೀಗದ ಬಾಯಿಗೆ ಕೊಕ್ಕೆತಂತಿ ತೂರಿಸುತ್ತಿದ್ದರು.

"ಏನ್ರೀ, ಕೀಲಿ?"

"ಒಳಗಿದೆ."

"ತಲೆ?"

ಬೀಗರ ಪರವಾಗಿ ಪೆಟ್ಟಿಗೆ ಉತ್ತರಿಸಿತು: "ಮಿಯಾಂವ್."

ಹೆಂಡತಿ ಕುರ್ಚಿ ಎಳೆದು ಕೂತರು. ನಗು ತಡೆಯಲು ಟವಲ್ಲನ್ನು ಬಾಯಿಗೆ ಒತ್ತಿಕೊಂಡರು. "ಬೇಗ ತೆಗೆದ್ರೆ ಬೀಗ ಸರಿಯಿಲ್ಲ. ತೆಗೆಯೋಕಾಗದಿದ್ರೆ ನೀವು ಸರಿಯಿಲ್ಲ. ಯಾವುದು ಬೇಕೋ ಆರಿಸ್ಕೊಳ್ಳಿ."

ಮೂವತ್ತೆಂಟು ವರ್ಷದಲ್ಲಿ ಬೀಗರಿಗೆ ಇಂಥ ಇಕ್ಕಟ್ಟು ಬಂದಿರಲಿಲ್ಲ. ಐದನೆಯ ಲಿವರ್ ಎದ್ದರೆ ಎರಡನೆಯದು ಬೀಳುತ್ತಿತ್ತು. ತಾವೇ ಅಷ್ಟು ಮುತುವರ್ಜಿಯಿಂದ ಅರ ಹಿಡಿದು ತಿದ್ದಿದ ಲಿವರುಗಳು! ಒಳಗೆ ಪರಪರ ಕೆರೆಯುವ ಸದ್ದು. ಒಂದೊಂದು ಪರಪರಕ್ಕೂ ಅವರ ಕಣ್ಣಮುಂದೆ ಆ ಎರಡು ನಾಯಿಗಳು ಬಾಲ ಅಲ್ಲಾಡಿಸುತ್ತಿದ್ದವು.

ಅರ್ಧ ಗಂಟೆಯಾಗಿತ್ತು. ಬಾಗಿಲಲ್ಲಿ ದನಿ ಕೇಳಿತು. "ಬೀಗರೇ, ಇದೇನು, ನೆಲದ ಮೇಲೆ?" ಬೀಗಿತ್ತಿ ಹೇಳಿದ್ದಕ್ಕಿಂತ ಎರಡು ಗಂಟೆ ಮುಂಚೆಯೇ ಬಂದಿದ್ದರು.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದರು ಹೆಂಡತಿ. "ನಮ್ಮೋರು ಬೆಕ್ಕಿಗೆ ಪಾಠ ಹೇಳಿಕೊಡ್ತಿದ್ದಾರೆ."

ನಲವತ್ತೆರಡನೆಯ ನಿಮಿಷಕ್ಕೆ ಬೀಗ ಬಿಟ್ಟುಕೊಂಡಿತು. ಮುಚ್ಚಳವೆದ್ದಿತು. ಸ್ಪ್ರಿಂಗು ಮೈಮುರಿದು, ಮೂವರನ್ನೂ ಒಮ್ಮೆ ನೋಡಿ, ಮತ್ತೆ ಅಲ್ಲೇ ಮುದುಡಿಕೊಂಡಿತು. ಗಂಟು ಬಿಚ್ಚಿಹೋಗಿತ್ತು. ಬೀಗರು ಕಣ್ಣು ಮುಚ್ಚಿಕೊಂಡರು.

"ತೆಗೀರಿ ಕಣ್ಣು," ಎಂದರು ಹೆಂಡತಿ.

ಬೆಕ್ಕಿನ ಹೊಟ್ಟೆಯಡಿ ಇದ್ದದ್ದು ಅವರ ಮೂರು ಕಾಲುಚೀಲಗಳು. ಒಂದೊಂದರ ಪಾದದಲ್ಲೂ ದುಂಡಗೆ ಒಂದೊಂದು ಉಂಡೆ. ಬಾಯಿ ಬಿಗಿಯಾಗಿ ಮಡಚಿ, ಎಳೆಯ ತುದಿಗೆ ಪಿನ್ನು ಸಿಕ್ಕಿಸಿತ್ತು. ಕೂದಲೆಲ್ಲ ಕಾಲುಚೀಲದ ಮೇಲೆ. ಪಿನ್ನು ತೆಗೆದು ಎಳೆದರೆ ಎಳೆಹಸಿರು ದಾರ ಸರಾಗವಾಗಿ ಹರಿದು ಬಂತು, ಒಂದು ಸಿಕ್ಕಿಲ್ಲ, ಒಂದು ಕೂದಲಿಲ್ಲ.

"ನೀನಾ ಕದ್ದಿದ್ದು!" ಎಂದು ಬೀಗರು ಹೆಂಡತಿಯ ಕಡೆ ತಿರುಗಿದರು.

"ಒಗೆದೇ ಹಾಕಿದ್ದೀನಿ, ಮೂರು ಸಲ," ಎಂದರು ಹೆಂಡತಿ, ಬೀಗಿತ್ತಿಯ ಕಡೆ ನೋಡಿ. ಮತ್ತೆ ಗಂಡನ ಕಡೆ ತಿರುಗಿದರು: "ನಿಮ್ಮ ಬೀಗದ ಮೇಲೆ ನಂಬಿಕೆ ಇಟ್ಟು ಕೂತಿದ್ರೆ ಸ್ಪ್ರಿಂಗು ಇಷ್ಟೊತ್ತಿಗೆ ನಮ್ಮಕ್ಕನ ಮನೇಲಿರ್ತಿತ್ತು."

"ಹಾಗಾದ್ರೆ... ಹೋಗಲ್ವಾ?"

"ಅದೇನು ತಪ್ಪು ಮಾಡಿದೆ? ನೀವು ಬೀಗ ಹಾಕಿದ್ರಿ, ಅದು ನಿದ್ದೆ ಮಾಡ್ತು."

ಊಟವಾದ ಮೇಲೆ ಕಾಲುಚೀಲದ ಬಾಯಿಂದ ದಾರ ಎಳೆದು ಎಳೆದು ಹೆಂಡತಿ ಅಂಚು ಮುಗಿಸಿದರು. ಬೀಗಿತ್ತಿ ಹೊದಿಕೆಯ ಜೊತೆಗೆ ಇನ್ನೊಂದು ಬೇಡಿಕೆಯನ್ನೂ ಇಟ್ಟರು: "ಬೀಗರೇ, ನಿಮಗೇ ನಲವತ್ತು ನಿಮಿಷ ಹಿಡಿಯಿತು ಅಂದ್ರೆ ಕಳ್ಳನಿಗೆ ಎಷ್ಟು ಹಿಡಿದೀತು! ನಮ್ಮನೆಗೂ ಅಂಥದ್ದೇ ಒಂದು ಹಾಕಿಕೊಡಿ."

ಬೀಗರು ಮತ್ತೆ ಬೀಗಿದರು. ಆ ಹುರುಪಿನಲ್ಲೇ ಒಂದು ಕೀಲಿಗೆ ದಾರ ಪೋಣಿಸಿ, "ಇನ್ನು ಮರೆಯೋ ಮಾತೇ ಇಲ್ಲ," ಎಂದು ಸ್ಪ್ರಿಂಗಿನ ಕೊರಳಿಗೆ ಕಟ್ಟಹೊರಟರು.

"ರೀ," ಎಂದರು ಹೆಂಡತಿ. "ಅದು ಮತ್ತೆ ಒಳಗೆ ಸಿಕ್ಕಿಹಾಕಿಕೊಂಡ್ರೆ ಕೀಲಿ ಎಲ್ಲಿರುತ್ತೆ?"

ಬೀಗರು ದಾರ ಬಿಚ್ಚಿ ಕೀಲಿಯನ್ನು ಜೇಬಿಗಿಳಿಸಿದರು. ಆಮೇಲೆ ಸ್ಕ್ರೂಡ್ರೈವರ್ ತಂದು, ಬೆಕ್ಕನ್ನು ಎಬ್ಬಿಸದೆ, ಪೆಟ್ಟಿಗೆಯ ಬೀಗವನ್ನೇ ಕಳಚಿದರು.